ಮುತ್ತುಗದೆಲೆಯ ಅಪ್ಪ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದು ಬಹಳ ಹಿಂದೆ ಒಂದು ಮನೆಯೊಳಗೆ ನಡೆದದ್ದು, ಆ ಮನೆಯವರೇ ಬಾಯಿ ಬಿಡದೆ ಹೋದದ್ದು. ಅದನ್ನು ಹೊರಗಿನವರ ಮುಂದೆ ಹೇಳುವುದಕ್ಕೆ ಏನು ಹಕ್ಕು ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಎಲ್ಲಾದರೂ ತಪ್ಪು ಕಂಡರೆ ತಿದ್ದಿಕೊಂಡು ಓದಬೇಕು. ಗೊತ್ತಿರುವಷ್ಟು ಇಷ್ಟು.

ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿರುವ ಶೈಲಜಾಳಿಗೆ ಆ ಶನಿವಾರ ಬೆಳಿಗ್ಗೆ ಏಳುವಾಗಲೇ ಸುಸ್ತಾಗಿತ್ತು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ರಕ್ತಪರೀಕ್ಷೆಯ ವರದಿಗಳಿಗೆ ಸಹಿ ಹಾಕುವ ಕೆಲಸ ಅವಳದು. ಒಂದು ಅಂಕಿ ಕಂಡರೆ ಎರಡು ಸಲ ಓದುತ್ತಾಳೆ. ಅನುಮಾನ ಬಂದರೆ ಪಕ್ಕದ ಮೇಜಿನವರನ್ನು ಕರೆದು ಗಟ್ಟಿಯಾಗಿ ಓದಿಸುತ್ತಾಳೆ. ಲ್ಯಾಬಿನಲ್ಲಿ ಅದು ನಿಯಮ, ಅವಳಲ್ಲಿ ಅದು ಸ್ವಭಾವವೇ ಆಗಿಹೋಗಿತ್ತು. ಬೀಗ ಹಾಕಿದೆನೇ, ಗ್ಯಾಸ್ ಆರಿಸಿದೆನೇ ಎಂದು ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬರುವುದು ಮನೆಯವರಿಗೆಲ್ಲ ತಮಾಷೆ.

ಅವಳ ಅತ್ತೆ ಕಮಲಾಕ್ಷಿ ಆರು ಗಂಟೆಗೇ ಸ್ನಾನ ಮಾಡಿ, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂತಿದ್ದರು. ಎಂಬತ್ತೇಳು ವರ್ಷ. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದು ಮಂಜು.

"ಎಂಟಕ್ಕೆ ಅಂತ ಹೇಳಿದ್ನಲ್ಲ ಅತ್ತೆ. ಇಷ್ಟು ಬೇಗ ಯಾಕೆ?"

"ಅಪ್ಪನ್ನ ನೋಡಕ್ಕೆ ಹೋಗ್ತಾ ಇದೀನಿ ಕಣೆ. ಲೇಟಾಗಿ ಹೋಗೋಕ್ಕಾಗುತ್ತಾ?" ಎಂದರು ಕಮಲಾಕ್ಷಿ.

ಅವರ ಅಪ್ಪ ಸೀತಾಪತಯ್ಯ ಚನ್ನರಾಯಪಟ್ಟಣದವರು, ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಗುಮಾಸ್ತರಾಗಿ ಆಫ್ರಿಕಾಕ್ಕೆ ಹಡಗು ಹತ್ತಿದವರು. ಹಡಗು ಮುಳುಗಿತು ಎಂದು ಮನೆಗೆ ತಂತಿ ಬಂತು. ಇಷ್ಟೇ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಮಗ, ಅಂದರೆ ಶೈಲಜಾಳ ಗಂಡ, ವಾಮನನ ಜೊತೆ ಇರಲು ಕಮಲಾಕ್ಷಿ ನೈರೋಬಿಗೆ ಬಂದು ಹದಿನಾಲ್ಕು ವರ್ಷವಾದರೂ, ಕಡಲಲ್ಲಿ ಹೋದವರ ಗುರುತು ಈ ಊರಲ್ಲಿ ಇದ್ದೀತು ಎಂದು ಯಾರೂ ಎಣಿಸಿರಲಿಲ್ಲ.

ಆ ಗುರುತು ಕಂಡವಳು ಪಕ್ಕದ ಮನೆಯ ಫ್ಲಾವಿಯಾ. ಮಂಗಳೂರಿನವಳು, ಶಾಲೆಯಲ್ಲಿ ಟೀಚರ್. ಪ್ರತಿ ನವೆಂಬರಿನಲ್ಲಿ ಅವಳ ಚರ್ಚಿನವರು ಗೋರಿಗಳಿಗೆ ಮೇಣದ ಬತ್ತಿ ಹಚ್ಚಲು ಹೋಗುವಾಗ, ಯಾರ ದಿಕ್ಕೂ ಇಲ್ಲದವರಿಗೂ ಒಂದೊಂದು ಇರಲಿ ಎಂದು ನ್ಗಾಂಗ್ ರಸ್ತೆಯಾಚೆಯ ಯುದ್ಧ ಸ್ಮಾರಕದ ಉದ್ಯಾನಕ್ಕೂ ಹೋಗುವುದಿದೆ. ಈ ಸಲ ಅಲ್ಲಿಂದ ಬಂದವಳು ಚಪ್ಪಲಿ ಕಳಚದೆ ನೇರ ಬಾಗಿಲಿಗೆ ಬಂದಿದ್ದಳು.

"ಶೈಲಾ, ನಿಮ್ಮ ಅತ್ತೆ ಯಾವಾಗಲೂ ಹೇಳುವ ಹೆಸರು ಉಂಟಲ್ಲ, ಅದು ಅಲ್ಲಿ ಗೋಡೆಯಲ್ಲಿ ಉಂಟು ಮಾರಾಯ್ತಿ! ನಾನು ಮೂರು ಸರ್ತಿ ಓದಿದೆ. ನಿಮ್ಮ ಹಾಗೆ!"

ಫೋನಿನಲ್ಲಿ ಫೋಟೋ ಇತ್ತು. ಕಲ್ಲಿನ ಮೇಲೆ ಹೆಸರು ಮಾತ್ರ. ತಾರೀಖು ಇರಲಿಲ್ಲ. ಬಾಗಿಲ ಬಳಿಯ ಗೂಡಿನಲ್ಲಿ ಒಂದು ಪುಸ್ತಕ ಇರುತ್ತದೆ, ಅದರಲ್ಲಿ ಎಲ್ಲ ಬರೆದಿರುತ್ತಾರೆ ಎಂದಳು ಫ್ಲಾವಿಯಾ.

ಆ ತಾರೀಖಿನ ಮೇಲೆ ಮನೆಯಲ್ಲಿ ದೊಡ್ಡ ವಿಷಯವೇ ನಿಂತಿತ್ತು. ಸೀತಾಪತಯ್ಯನವರ ಶ್ರಾದ್ಧವನ್ನು ಮೊದಲು ಕಮಲಾಕ್ಷಿಯವರ ದೊಡ್ಡಪ್ಪ, ಆಮೇಲೆ ದೊಡ್ಡಪ್ಪನ ಮಗ ಮಾಡಿಕೊಂಡು ಬಂದರು. ಅವನೂ ಹೋದ ಮೇಲೆ ಮಗಳ ಮಗನಾದ ವಾಮನ ಮಾಡುತ್ತಿದ್ದ. ಅವನಿಗೆ ಅರವತ್ತೊಂದು ವರ್ಷ, ಸಕ್ಕರೆ ಕಾಯಿಲೆ. ಕಳೆದ ಜನವರಿಯಲ್ಲಿ ಉಪವಾಸವಿದ್ದು, ಹೊಗೆಯಲ್ಲಿ ಕೂತು, ಪಿಂಡ ಇಡುವ ಹೊತ್ತಿಗೆ ಕಣ್ಣು ಕತ್ತಲೆ ಬಂದು ಪಕ್ಕಕ್ಕೆ ವಾಲಿದ್ದ. ಎದ್ದ ಮೇಲೆ ಅಮ್ಮನಿಗೆ ಹೇಳಿಬಿಟ್ಟಿದ್ದ: "ಆ ತಿಥಿನೇ ಅಂದಾಜಿನದು. ಹಡಗು ಯಾವತ್ತು ಮುಳುಗ್ತೋ ನಿಮಗೆ ಯಾರಿಗೂ ಗೊತ್ತಿಲ್ಲ. ಅಂದಾಜಿಗೆ ಎಷ್ಟು ವರ್ಷ ಅಂತ ಬೀಳ್ತಾ ಏಳ್ತಾ ಮಾಡ್ಲಮ್ಮ ನಾನು? ಸರಿಯಾದ ದಿನ ಗೊತ್ತಿದ್ರೆ ಹೇಳು, ಸತ್ರೂ ಮಾಡ್ತೀನಿ. ಇಲ್ದಿದ್ರೆ ಬಿಟ್ಟುಬಿಡ್ತೀನಿ."

ಈಗ ಕಮಲಾಕ್ಷಿಗೆ ಆ ದಿನವನ್ನು ಹೇಳಲು ಒಂದು ಪುಸ್ತಕ ಸಿಕ್ಕಿತ್ತು.

ಕಾರು ಗ್ಯಾರೇಜಿನಲ್ಲಿತ್ತು, ವಾಮನನಿಗೆ ಮಂಡಿ ನೋವು. ಅತ್ತೆ ಸೊಸೆ ಇಬ್ಬರೇ ಟ್ಯಾಕ್ಸಿ ಮಾಡಿಕೊಂಡು ಹೊರಟರು. ಹೆದ್ದಾರಿಯಲ್ಲಿ ವಾಹನಗಳು ಕದಲುತ್ತಿರಲಿಲ್ಲ. ಪ್ರಯಾಣಿಕರ ಮಟಾಟು ವ್ಯಾನೊಂದು ಎದೆ ನಡುಗಿಸುವ ಹಾಡು ಹಾಕಿಕೊಂಡು ಇವರನ್ನು ಉಜ್ಜಿಕೊಂಡೇ ಮುಂದೆ ನುಗ್ಗಿತು. ಶೈಲಜಾ ಸೀಟಿಗೆ ತಲೆ ಆನಿಸಿದಳು. ಸೋಮವಾರಕ್ಕೆ ಮುಗಿಸಬೇಕಾದ ವರದಿಗಳು ಕಣ್ಣ ಮುಂದೆ ಬಂದವು.

"ನಿಂಗೆ ಹೇಳಿದೀನಾ, ಎಲೆ ಮನುಷ್ಯನ ವಿಷಯ?" ಕಮಲಾಕ್ಷಿ ಕೇಳಿದರು.

ಹೇಳಿದ್ದರು. ನೂರು ಸಲ ಹೇಳಿದ್ದರು. "ಹೇಳಿ ಅತ್ತೆ" ಎಂದಳು.

ನಲವತ್ತೊಂದರಲ್ಲಿ ಬಂದ ತಂತಿಯಲ್ಲಿ ಇದ್ದದ್ದು ಹಡಗು ಮುಳುಗಿದೆ, ಕಾಣೆಯಾಗಿದ್ದಾರೆ ಎಂದಷ್ಟೇ ಅಂತೆ. ಕಾಣೆಯಾದವರಿಗೆ ಹನ್ನೆರಡು ವರ್ಷ ಕಾಯಬೇಕು ಎಂದು ಪುರೋಹಿತರು ಹೇಳಿದರು. ಆದರೆ ದೊಡ್ಡಪ್ಪನ ಮಗಳಿಗೆ ಮದುವೆ ಗೊತ್ತಾಗಿತ್ತು. ಇದ್ದಾನೋ ಇಲ್ಲವೋ ಎಂಬ ಸಾವನ್ನು ಮನೆಯಲ್ಲಿಟ್ಟುಕೊಂಡು ಚಪ್ಪರ ಹಾಕುವುದು ಹೇಗೆ? ಯಾರೋ ಜೋಯಿಸರನ್ನು ಕೇಳಿದರು. ಇಲ್ಲ ಎಂದು ಕವಡೆ ಹೇಳಿತು. ಪುರೋಹಿತರನ್ನು ಒಪ್ಪಿಸಿದರು. ಮುತ್ತುಗದ ತೊಟ್ಟು ಮುನ್ನೂರ ಅರವತ್ತು ಎಣಿಸಿ ಕೈಕಾಲು ಮಾಡಿ, ತಲೆಗೆ ತೆಂಗಿನಕಾಯಿ ಇಟ್ಟು, ಎಲೆ ಹೊದಿಸಿ, ದರ್ಭೆಯಲ್ಲಿ ಕಟ್ಟಿ, ಅದನ್ನೇ ಸೀತಾಪತಯ್ಯ ಎಂದು ಸುಟ್ಟರು. ನಲವತ್ತೆರಡನೇ ಇಸವಿ ಜನವರಿ, ಪುಷ್ಯ ಬಹುಳ ಸಪ್ತಮಿ. ಬೇರೆ ದಿನ ಗೊತ್ತಿಲ್ಲದ್ದರಿಂದ ಸುಟ್ಟ ದಿನವೇ ತಿಥಿಯಾಯಿತು.

"ನಂಗೆ ನಾಕು ವರ್ಷವೂ ತುಂಬಿರ್ಲಿಲ್ಲ. ಹಲಗೆ ಮೇಲೆ ಮಲಗ್ಸಿದ್ರು. ಅಪ್ಪ ಅಂದ್ರು. ಅಪ್ಪನ ಮುಖ ನೋಡಿದ ನೆನಪೇ ಇಲ್ಲ ನೋಡು, ಅದೇ ಮುಖ ಆಗೋಯ್ತು. ಇವತ್ತಿಗೂ ಅಪ್ಪ ಅಂದ್ರೆ ತೆಂಗಿನಕಾಯೇ ಕಾಣತ್ತೆ."

ನಗುತ್ತಾರೆಂದುಕೊಂಡಳು ಶೈಲಜಾ. ಸಾಮಾನ್ಯವಾಗಿ ಇಲ್ಲಿ ನಗುತ್ತಿದ್ದರು. ಇವತ್ತು ನಗಲಿಲ್ಲ.

ಉದ್ಯಾನದಲ್ಲಿ ಯಾರೂ ಇರಲಿಲ್ಲ. ಹಿಂದಿನ ದಿನ ಮಳೆಯಾಗಿ ಹುಲ್ಲು ಒದ್ದೆಯಾಗಿತ್ತು. ಬಿಳಿ ಕಲ್ಲುಗಳು ಒಂದೇ ಎತ್ತರಕ್ಕೆ, ಒಂದೇ ಅಂತರಕ್ಕೆ ಸಾಲಾಗಿ ನಿಂತಿದ್ದವು. ಮೋಟಾರು ರಸ್ತೆ ಹತ್ತಿರದಲ್ಲೇ ಇದ್ದರೂ ಅದರ ಸದ್ದು ಮರಗಳಾಚೆಗೇ ನಿಂತುಬಿಟ್ಟಿತ್ತು. ಹಸಿರು ಕೋಟು, ಗಂಬೂಟು ತೊಟ್ಟ ತೋಟಗಾರ ಅಂಚಿನ ಹುಲ್ಲನ್ನು ಕತ್ತರಿಯಲ್ಲಿ ಕತ್ತರಿಸುತ್ತಿದ್ದ. ಎದ್ದು ಬಂದು ಕೈ ಒರೆಸಿಕೊಂಡು ಇಬ್ಬರಿಗೂ ಕೈ ಕೊಟ್ಟ. ಹೆಸರು ಮುಟಿಸೊ, ಹತ್ತೊಂಬತ್ತು ವರ್ಷದಿಂದ ಇಲ್ಲೇ ಕೆಲಸ.

"ನಿಮ್ಮಂಥವರು ಕಡಿಮೆ ಬರುತ್ತಾರೆ" ಎಂದ ಇಂಗ್ಲಿಷಿನಲ್ಲಿ. "ಇಲ್ಲಿರುವವರು ಈ ಮಾಮಾಗೆ, ಈ ತಾಯಿಗೆ, ಏನಾಗಬೇಕು?"

"ತಂದೆ" ಎಂದಳು ಶೈಲಜಾ.

ಅವನು ಟೋಪಿ ತೆಗೆದ. "ಪೋಲೆ, ಮಾಮಾ. ಪೋಲೆ ಸಾನಾ."

"ಏನಂತಾನೆ?"

"ಪಾಪ ಅಂತಾನೆ ಅತ್ತೆ. ದುಃಖ ಆಯ್ತು ಅಂತ."

"ಎಂಬತ್ತು ವರ್ಷ ಆದ್ಮೇಲೆ ಒಬ್ಬ ಅಂದ" ಎಂದರು ಕಮಲಾಕ್ಷಿ.

ಗೋಡೆ ಹಿಂಭಾಗದಲ್ಲಿತ್ತು. ಭುಜದೆತ್ತರದ ಕಲ್ಲು, ಅದರ ಮೇಲೆ ಹೆಸರುಗಳು. ಶೈಲಜಾ ಸಾಲು ಹುಡುಕಿ ಅತ್ತೆಯ ತೋರುಬೆರಳು ಹಿಡಿದು ಅಕ್ಷರದ ಮೇಲೆ ಇಟ್ಟಳು. ಕಮಲಾಕ್ಷಿಯವರಿಗೆ ಇಂಗ್ಲಿಷ್ ಅಕ್ಷರ ಬಾರದು. ಮೊದಲ ಅಕ್ಷರದಿಂದ ಕೊನೆಯದರವರೆಗೆ ನಿಧಾನವಾಗಿ ಬೆರಳಾಡಿಸಿದರು. ಮತ್ತೆ ಹಿಂದಕ್ಕೆ ಬಂದರು.

"ತಣ್ಣಗಿದೆ" ಎಂದರು. ಆಮೇಲೆ, "ಇಷ್ಟೇನಾ?"

"ತಾರೀಖು ಪುಸ್ತಕದಲ್ಲಿ ಇರುತ್ತಂತೆ."

ಕಡಲಲ್ಲಿ ಮುಳುಗಿದವರನ್ನು ಈ ಗೋಡೆಗೆ ಸೇರಿಸಿದ್ದಾರಲ್ಲವೇ ಎಂದು ಶೈಲಜಾ ಮುಟಿಸೊನನ್ನು ಸುಮ್ಮನೆ ಮಾತಿಗೆ ಕೇಳಿದಳು. ಅವನು ತಲೆಯಾಡಿಸಿದ.

"ಇಲ್ಲ ಮೇಡಂ. ಸಮುದ್ರದವರು ಬೇರೆ ಕಡೆ. ಈ ಗೋಡೆ ಇಲ್ಲೇ ಸುಟ್ಟವರದು. ಅವರ ಧರ್ಮದ ಪ್ರಕಾರ ಇದೇ ಊರಲ್ಲಿ ದಹನ ಆದವರು. ಅದಕ್ಕೇ ಗೋರಿ ಇಲ್ಲ, ಹೆಸರು ಮಾತ್ರ."

ಮುಳುಗಿದ ಮನುಷ್ಯನನ್ನು ಈ ಊರಲ್ಲಿ ಸುಡುವುದು ಹೇಗೆ? ಶೈಲಜಾ ಅತ್ತೆಯನ್ನು ಕಲ್ಲಿನ ಬೆಂಚಿನ ಮೇಲೆ ಪ್ಲಾಸ್ಟಿಕ್ ಹಾಸಿ ಕೂರಿಸಿದಳು. ನೀರು ಕೊಟ್ಟಳು. ಬೆಂಚಿನ ಪಕ್ಕದ ಕಂಬದಲ್ಲೇ ಲೋಹದ ಪುಟ್ಟ ಬಾಗಿಲಿನ ಗೂಡು ಇತ್ತು. ಒಳಗೆ ದಪ್ಪ ರಟ್ಟಿನ ಪುಸ್ತಕ, ಮಳೆಗಾಲದ ವಾಸನೆ. ಹೆಸರುಗಳು ಅಕಾರಾದಿಯಾಗಿದ್ದವು. ಹೆಚ್ಚು ಹುಡುಕಬೇಕಾಗಲಿಲ್ಲ.

ಸೀತಾಪತಯ್ಯ. ಗುಮಾಸ್ತ. ವಯಸ್ಸು ಇಪ್ಪತ್ತೇಳು. ಮೈಸೂರು ಸಂಸ್ಥಾನದ ಚನ್ನರಾಯಪಟ್ಟಣದ ವೆಂಕಲಕ್ಷ್ಮಿಯ ಪತಿ. ವೆಂಕಲಕ್ಷ್ಮಿ ಕಮಲಾಕ್ಷಿಯವರ ತಾಯಿಯ ಹೆಸರು. ಬೇರೆ ಯಾರೋ ಆಗಿರಬಹುದು ಎಂಬ ಬಾಗಿಲೂ ಅಲ್ಲಿಗೆ ಮುಚ್ಚಿತು. ಮರಣ: ೧೪ ಮಾರ್ಚ್ ೧೯೪೩.

ಅವಳು ಮತ್ತೆ ಓದಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. ನಲವತ್ತೊಂದರಲ್ಲಿ ತಂತಿ. ನಲವತ್ತೆರಡು ಜನವರಿಯಲ್ಲಿ ಎಲೆಯ ದೇಹ ಸುಟ್ಟದ್ದು. ಇಲ್ಲಿ ನಲವತ್ತಮೂರು ಮಾರ್ಚ್. ಮೂರೋ ಒಂದೋ? ಒಂದಾಗಿದ್ದರೆ ಎಷ್ಟು ಚೆನ್ನಾಗಿತ್ತು. ಅಚ್ಚು ಸವೆದಿರಬಹುದು, ತನ್ನ ಕಣ್ಣೇ ತಪ್ಪಿರಬಹುದು. ಅತ್ತೆಗೆ ಏನು ಹೇಳುವುದೆಂದು ಆಮೇಲೆ ಯೋಚಿಸಿದರಾಯಿತು, ಮೊದಲು ಅಂಕಿ ಸರಿಯಿದೆಯೇ ನೋಡಬೇಕು. ಅಭ್ಯಾಸಬಲ. ಮುಟಿಸೊನನ್ನು ಕರೆದು ಆ ಸಾಲಿನ ಮೇಲೆ ಬೆರಳಿಟ್ಟಳು. "ಇದನ್ನು ಸ್ವಲ್ಪ ಓದುತ್ತೀರಾ?"

ಅವನು ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಮಗಳು ಕೂತಿದ್ದಾಳೆ, ಅವಳಿಗೂ ಕೇಳಲಿ ಎಂಬ ಮರ್ಯಾದೆಯಿಂದ ಬೆಂಚಿನ ಕಡೆ ತಿರುಗಿ ಚರ್ಚಿನಲ್ಲಿ ಓದುವವರಂತೆ ಗಟ್ಟಿಯಾಗಿ ಓದಿದ: "ಫೋರ್ಟೀನ್ತ್ ಮಾರ್ಚ್, ನೈಂಟೀನ್ ಫಾರ್ಟಿ ತ್ರೀ."

ಕಮಲಾಕ್ಷಿಯವರಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ದಿನಾ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳುವವರಿಗೆ, ಟಿ.ವಿ.ಯಲ್ಲಿ ಕ್ರಿಕೆಟ್ ತಪ್ಪಿಸದವರಿಗೆ, ಅಂಕಿಗಳು ಬರುತ್ತವೆ.

"ಫಾರ್ಟಿ ತ್ರೀ ಅಂದ್ನಾ?"

"ಅದು ಪುಟದ ನಂಬರ್ ಅತ್ತೆ."

ಬಾಯಿಂದ ಬಂದುಬಿಟ್ಟಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ವರದಿಯಲ್ಲೂ ಒಂದು ಅಂಕಿ ತಿದ್ದದವಳು.

ಕಮಲಾಕ್ಷಿ ಮಂಜುಗಣ್ಣನ್ನು ಸೊಸೆಯ ಕಡೆ ತಿರುಗಿಸಿದರು. "ಪುಟಕ್ಕೆ ಮಾರ್ಚ್ ಯಾಕೆ ಬಂತೇ, ಶೈಲಾ?"

ಶೈಲಜಾ ಅವರ ಪಕ್ಕ ಒದ್ದೆ ಕಲ್ಲಿನ ಮೇಲೇ ಕೂತಳು. ಸುಳ್ಳನ್ನು ಮುಂದುವರಿಸಲು ಬೇಕಾದ ಶಕ್ತಿ ಅವಳಲ್ಲಿರಲಿಲ್ಲ. ಇದ್ದಿದ್ದರೆ ಮುಂದುವರಿಸುತ್ತಿದ್ದಳೇನೋ. ಮನೆಯಲ್ಲಿ ವಾಮನ ತಾರೀಖಿಗಾಗಿ ಕಾಯುತ್ತಿದ್ದ. ಹಳೆಯ ತಿಥಿಯೇ ಸರಿ ಎಂದು ಸುಳ್ಳು ಹೇಳಿದರೆ ಅವನು ಬರುವ ಜನವರಿಯಲ್ಲಿ ಮತ್ತೆ ಹೊಗೆಯಲ್ಲಿ ಕೂತು ಬೀಳುತ್ತಾನೆ. ಸರಿಯಾದದ್ದು ಹೇಳಿದರೆ ಈ ಮುದುಕಿಯ ಅಮ್ಮನ ಬದುಕಿನ ಮೇಲೆ ಏನು ಬೀಳುತ್ತದೋ!

"ಕ್ಷಮಿಸಿ ಅತ್ತೆ. ನಲವತ್ತಮೂರು ಮಾರ್ಚ್ ಹದಿನಾಲ್ಕು. ಇಲ್ಲೇ, ನೈರೋಬಿಯಲ್ಲೇ. ಹಡಗಿನಿಂದ ಹೇಗೋ ಬದುಕಿ ಬಂದಿದ್ದಾರೆ ಅನ್ಸತ್ತೆ."

ಕಮಲಾಕ್ಷಿ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳಿಟ್ಟು ತಿಂಗಳು ಎಣಿಸತೊಡಗಿದರು. ಒಂದು ಸಲ ತಪ್ಪಿ ಮೊದಲಿನಿಂದ ಶುರುಮಾಡಿದರು. ಮುಟಿಸೊ ಪುಸ್ತಕವನ್ನು ಬೆಂಚಿನ ಮೇಲಿಟ್ಟು, ಏನೋ ಆಗಬಾರದ್ದು ಆಗಿದೆ ಎಂದು ತಿಳಿದವನಂತೆ, ದೂರ ಹೋಗಿ ಕತ್ತರಿ ಹಿಡಿದು ಕೂತ.

"ಹದಿನಾಕು ತಿಂಗ್ಳು" ಎಂದರು ಕೊನೆಗೆ.

"ಹೂಂ."

"ಹತ್ತನೇ ದಿನ ಅಮ್ಮನ ತಲೆ ಬೋಳಿಸಿದ್ರು. ಇಪ್ಪತ್ತು ವರ್ಷ ಕಣೆ ಅವ್ಳಿಗೆ, ನಿನ್ನ ಮಗಳು ಶರ್ವಾಣಿ ವಯಸ್ಸು. ಬಳೆ ಒಡೆಯೋವಾಗ ಒಂದು ಚೂರು ಕೈಗೆ ಹೊಕ್ಕು ಕೀವಾಗಿತ್ತು. ಅಕ್ಕನ ಮದುವೇಲಿ ಚಪ್ಪರಕ್ಕೆ ಬರ್ಬೇಡ ಅಂತ ಹಿತ್ಲು ಕೋಣೇಲಿ ಕೂರ್ಸಿದ್ರು. ನಾನೂ ಅಲ್ಲೇ ಕೂತಿದ್ದೆ. ಲಾಡು ತಂದ್ಕೊಟ್ರು, ಒಂದು ನಂಗೆ, ಒಂದು ಅವ್ಳಿಗೆ." ಅವರು ಗೋಡೆಯ ಕಡೆ ಮುಖ ಮಾಡಿದರು. "ಅವತ್ತು ಅವಳ ಗಂಡ ಇಲ್ಲಿ ಬದುಕಿದ್ದ. ಊಟ ಮಾಡ್ತಾ ಇದ್ನೋ, ನಿದ್ದೆ ಮಾಡ್ತಾ ಇದ್ನೋ."

"ಯಾರಿಗೂ ಗೊತ್ತಿರಲಿಲ್ವಲ್ಲ ಅತ್ತೆ" ಎಂದಳು ಶೈಲಜಾ.

"ಗೊತ್ತಿರ್ಲಿಲ್ವಾ?" ಕಮಲಾಕ್ಷಿ ದನಿ ಏರಿಸಲಿಲ್ಲ. "ಬದುಕಿದೀನಿ ಅಂತ ಕಾಗದ ಬಂದಿದ್ರೆ ಏನು ಮಾಡ್ತಿದ್ರು ಗೊತ್ತಾ? ಕರ್ಮ ಆದೋನು ತಿರುಗಿ ಬಂದ್ರೆ ಹಾಗೇ ಒಳಗೆ ಕರ್ಕೊಳ್ಳೋ ಹಾಗಿಲ್ಲ. ಮತ್ತೆ ಹುಟ್ಟಿಸ್ಬೇಕು. ಜಾತಕರ್ಮ, ನಾಮಕರಣ, ಮುಂಜಿ, ಎಲ್ಲಾ ಮೊದ್ಲಿಂದ. ಕಟ್ಕೊಂಡ ಹೆಂಡ್ತೀನೇ ಮತ್ತೆ ಮದುವೆ ಆಗ್ಬೇಕು. ಬೋಳು ಮಾಡಿದ ಹೆಂಗಸನ್ನ ಯಾವ ಹಸೆಮಣೆ ಮೇಲೆ ಕೂರಿಸ್ತಾರೆ? ಊರೋರಿಗೆ ಏನಂತಾರೆ? ಆತುರ ಪಟ್ವಿ ಅಂತಾರಾ? ಅದಕ್ಕೇ…"

"ಅದಕ್ಕೇ ಏನು ಅತ್ತೆ?"

"ಏನಿಲ್ಲ ಬಿಡು. ದೊಡ್ಡಪ್ಪ ನಂಗೆ ಅನ್ನ ಹಾಕಿ ಸಾಕಿದೋರು."

ಒದ್ದೆ ಕಲ್ಲಿನ ತಂಪು ಸೊಸೆಯ ಬಟ್ಟೆಯೊಳಗೆ ಏರುತ್ತಿತ್ತು. ಟ್ಯಾಕ್ಸಿ ಕರೆಯಬೇಕು, ಅತ್ತೆಯ ಮಾತ್ರೆಯ ಹೊತ್ತಾಯಿತು ಎಂದು ಶೈಲಜಾ ಯೋಚಿಸುತ್ತಲೇ ಇದ್ದಳು, ಎದ್ದೇಳಲಿಲ್ಲ.

"ಆ ಪುಸ್ತಕದಲ್ಲಿ ಅಮ್ಮನ ಹೆಸ್ರೇನಾದ್ರೂ ಇದೆಯಾ?"

ಅದನ್ನು ಶೈಲಜಾ ಇನ್ನೂ ಹೇಳಿರಲಿಲ್ಲ. ಅದಕ್ಕೆ ಬಾಯೇ ಬಂದಿರಲಿಲ್ಲ. ಆದರೆ ಈಗ ಹೇಳಿದಳು. "ಇದೆ. ವೆಂಕಲಕ್ಷ್ಮಿಯ ಪತಿ ಅಂತ."

"ಪತಿ ಅಂತ ಯಾರು ಬರ್ಸಿರ್ತಾರೆ?"

"ಸೈನ್ಯಕ್ಕೆ ಸೇರುವಾಗ ಅವರೇ ಕೊಟ್ಟಿರಬಹುದು."

"ಎಲ್ಲಿದೆ, ತೋರ್ಸು."

ಶೈಲಜಾ ಮತ್ತೆ ಆ ಬೆರಳು ಹಿಡಿದು ಸಾಲಿನ ಮೇಲಿಟ್ಟಳು. ಕಮಲಾಕ್ಷಿ ಈ ಸಲ ಬೆರಳಾಡಿಸಲಿಲ್ಲ. ಅಲ್ಲೇ ಒತ್ತಿ ಹಿಡಿದರು, ಎತ್ತಿದರೆ ಜಾಗ ತಪ್ಪಿಹೋದೀತು ಎಂಬಂತೆ.

"ನಿನ್ನ ಬ್ಯಾಗಲ್ಲಿ ಟಿಕ್ಲಿ ಪ್ಯಾಕೆಟ್ ಇರತ್ತಲ್ಲ. ಒಂದು ಕೊಡು."

"ಯಾಕತ್ತೆ?"

"ಕೊಡೇ. ಎಲ್ಲಾ ಎರಡೆರಡು ಇಟ್ಕೊಂಡು ಓಡಾಡೋಳು, ಒಂದು ಕೊಡಕ್ಕೆ ಯೋಚ್ನೆ ಮಾಡ್ತೀಯ."

ಏನು ಮಾಡಲಿದ್ದಾರೆಂದು ಅಷ್ಟರಲ್ಲಿ ಅವಳಿಗೆ ಹೊಳೆದಿತ್ತು. ಪುಸ್ತಕದ ಮೊದಲ ಪುಟದಲ್ಲೇ ಇತ್ತು: ದಯವಿಟ್ಟು ಏನನ್ನೂ ಬರೆಯಬೇಡಿ, ಗುರುತು ಮಾಡಬೇಡಿ. ಅವಳು ಓದಿದ್ದಳು, ಎಲ್ಲ ಸೂಚನೆಗಳನ್ನೂ ಓದುವವಳು ಅವಳು. ತೋಟಗಾರನ ಕಡೆ ನೋಡಿದಳು. ಅವನಿಗೆ ಕೆಟ್ಟ ಹೆಸರು ಬಂದರೆ? ಯಾರಾದರೂ ಮೇಲಿನವರು ಬಂದು ಪುಟ ತಿರುವಿದರೆ? ಇದು ತಪ್ಪಲ್ಲವೇ? ತಪ್ಪೇ. ಪ್ಯಾಕೆಟ್ ತೆಗೆದು, ಇದ್ದುದರಲ್ಲಿ ಚಿಕ್ಕದಾದ ಕೆಂಪು ಬೊಟ್ಟನ್ನು ಉಗುರಿನಿಂದ ಬಿಡಿಸಿ ಅತ್ತೆಯ ಬೆರಳ ತುದಿಗೆ ಅಂಟಿಸಿದಳು.

"ನಂಗೆ ಕಾಣಲ್ಲ. ಹೆಸ್ರಿನ ಮೇಲೆ ಬೀಳ್ಬಾರ್ದು, ಪಕ್ಕಕ್ಕೆ ಬೀಳ್ಬೇಕು. ಹಿಡ್ಕೋ."

ಶೈಲಜಾ ಕೈ ಹಿಡಿದು ದಾರಿ ತೋರಿಸಿದಳು. ವೆಂಕಲಕ್ಷ್ಮಿ ಎಂಬ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ ಬೊಟ್ಟು ಕೂತಿತು, ಸ್ವಲ್ಪ ಓರೆಯಾಗಿ.

"ಹದಿನಾಕು ತಿಂಗ್ಳಿಗೆ" ಎಂದರು ಕಮಲಾಕ್ಷಿ. ಅಳಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡರು. "ನಡಿ. ಚಳಿ."

ಪುಸ್ತಕವನ್ನು ಗೂಡಿನಲ್ಲಿಡುವಾಗ ಮುಟಿಸೊ ಬಂದು ಬಾಗಿಲು ಹಾಕಿದ. ಅವನು ಕಂಡನೋ ಇಲ್ಲವೋ, ಏನೂ ಕೇಳಲಿಲ್ಲ. ಅಸಾಂಟೆ ಎಂದು ಅವನಿಗೆ ಧನ್ಯವಾದ ಹೇಳಿದಳು ಶೈಲಜಾ. ಅವನು ಟ್ಯಾಕ್ಸಿಯವರೆಗೂ ಕಮಲಾಕ್ಷಿಯವರ ಇನ್ನೊಂದು ತೋಳು ಹಿಡಿದು ಬಂದ.

ಮನೆಯಲ್ಲಿ ವಾಮನ ಪಂಚಾಂಗ, ಕನ್ನಡಕ, ಫೋನು ಎಲ್ಲ ಮುಂದಿಟ್ಟುಕೊಂಡು ಕೂತಿದ್ದ. ಶೈಲಜಾ ಬಾಯಿ ತೆರೆಯುವ ಮೊದಲೇ ಅವನ ಅಮ್ಮ ಹೇಳಿಬಿಟ್ಟರು. ದಿನ, ತಿಂಗಳು, ಇಸವಿ, ಊರು, ಒಂದನ್ನೂ ಬಿಡಲಿಲ್ಲ. ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಅಂದ್ರೆ… ಇಷ್ಟು ವರ್ಷ ನಾನು ಮಾಡಿದ್ದು?"

"ಎಲೆಗೆ ಮಾಡಿದೆ. ನಿಂದೇನು ತಪ್ಪು?"

ಅವನು ಫೋನಿನಲ್ಲಿ ಏನೇನೋ ಒತ್ತಿ, ಪಂಚಾಂಗದೊಡನೆ ತಾಳೆ ನೋಡಿ, ಫಾಲ್ಗುಣ ಶುದ್ಧ ಅಷ್ಟಮಿ ಬರುತ್ತದೆ ಎಂದ. ಅಲ್ಲಿ ಎಷ್ಟು ಗಂಟೆಗೆ ಹೋದರೋ, ಗಂಟೆ ಗೊತ್ತಿಲ್ಲದೆ ತಿಥಿ ಖಚಿತ ಹೇಳಲಾಗದು ಎಂದೂ ಸೇರಿಸಿದ. ದನಿಯಲ್ಲಿ ಜಗಳವಿರಲಿಲ್ಲ, ಆಯಾಸವಿತ್ತು. "ಸತ್ರೂ ಮಾಡ್ತೀನಿ ಅಂದಿದ್ದೆ. ಮಾಡ್ತೀನಮ್ಮ."

"ನೀನು ಸಾಯೋದು ಬೇಡ. ಉಪವಾಸ ಇರ್ಬೇಡ, ಹೊಗೆ ಬೇಡ. ಅವತ್ತು ಎಳ್ಳು ನೀರು ಬಿಡು, ಸಾಕು. ಇಪ್ಪತ್ತೇಳು ವರ್ಷದ ಹುಡುಗ ಅವನು, ನಿಂಗಿಂತ ಚಿಕ್ಕೋನು. ಜಾಸ್ತಿ ಕೇಳಲ್ಲ." ಆಮೇಲೆ ಸೊಸೆಯ ಕಡೆ ತಿರುಗಿದರು. "ಏನಾದ್ರೂ ಬಿಸಿ ಕೊಡೇ."

ಶೈಲಜಾ ಒಲೆ ಹಚ್ಚಿ ಹಾಲಿಟ್ಟಳು.

ಆ ಫಾಲ್ಗುಣದಲ್ಲಿ ವಾಮನ ಎಳ್ಳು ನೀರು ಬಿಟ್ಟ. ಪುಷ್ಯದಲ್ಲಿ ಏನೂ ಮಾಡಲಿಲ್ಲ. ಇಷ್ಟು ಖಚಿತ. ಹಡಗಿನಿಂದ ಸೀತಾಪತಯ್ಯ ಹೇಗೆ ಉಳಿದರು, ಯಾವ ಕಾಯಿಲೆಯಿಂದ ಹೋದರು ಎಂಬುದು ಆ ಪುಸ್ತಕದಲ್ಲಿಲ್ಲ. ಆ ಹದಿನಾಲ್ಕು ತಿಂಗಳಲ್ಲಿ ಅವರು ಮನೆಗೆ ಕಾಗದ ಬರೆದರೋ, ಬರೆದಿದ್ದರೆ ಅದು ಚನ್ನರಾಯಪಟ್ಟಣ ತಲುಪಿತೋ, ತಲುಪಿದ್ದರೆ ಅದನ್ನು ಯಾರು ಒಡೆದು ಓದಿದರೋ ಗೊತ್ತಿಲ್ಲ. ಊರಲ್ಲಿ ತನ್ನನ್ನು ಸುಟ್ಟಾಗಿದೆ ಎಂಬುದು ಅವರ ಕಿವಿಗೆ ಬಿದ್ದಿತ್ತೇ, ಅದೂ ಗೊತ್ತಿಲ್ಲ. ಎಪ್ಪತ್ತೊಂದನೇ ವಯಸ್ಸಿನಲ್ಲಿ ತೀರಿಕೊಂಡ ವೆಂಕಲಕ್ಷ್ಮಿಗೆ ಏನಾದರೂ ಗೊತ್ತಿತ್ತೇ ಎಂದು ಕೇಳಲು ಈಗ ಯಾರೂ ಉಳಿದಿಲ್ಲ.